ಅಕಿಲೀಸ್‌ನ ಹಿಮ್ಮಡಿಯ ಕಥೆ ಇಲಿಯಡ್‌ನಲ್ಲಿ ಇದೆಯೇ?

ಓದುಗರ ಪ್ರಶ್ನೆ: ತಾಯಿ ಥೆಟಿಸ್ ಹಸುಗೂಸನ್ನು ಹಿಮ್ಮಡಿ ಹಿಡಿದು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ನೀರು ತಾಗದ ಅದೇ ಜಾಗಕ್ಕೆ ಬಾಣ ನಾಟಿ ಅಕಿಲೀಸ್ ಸತ್ತ ಎಂದು ಕೇಳಿಕೊಂಡೇ ಬೆಳೆದೆ. ಇಲಿಯಡ್ ಓದಿ ಮುಗಿಸಿದರೂ ಆ ಪ್ರಸಂಗ ಸಿಗಲಿಲ್ಲ. ನನಗೆ ಸಿಕ್ಕಿದ್ದು ಸಂಕ್ಷಿಪ್ತ ಪ್ರತಿಯೇ?

ಉತ್ತರ: ಪ್ರತಿಯಲ್ಲಿ ದೋಷವಿಲ್ಲ. ಆ ಕಥೆಯನ್ನು ಗ್ರೀಕ್ ಕವಿ ಹೋಮರ್ ಹೇಳಿಯೇ ಇಲ್ಲ. 24 ಸರ್ಗಗಳ ಅವನ ಮಹಾಕಾವ್ಯ ಇಲಿಯಡ್, ಗ್ರೀಕರು ಟ್ರಾಯ್ ನಗರದ ಮೇಲೆ ಹೂಡಿದ ಯುದ್ಧದ ಹತ್ತನೆಯ ವರ್ಷದ ಕೆಲವೇ ವಾರಗಳ ಕಥನ. ಟ್ರಾಯ್‌ನ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಯೊಂದಿಗೆ ಅದು ಮುಗಿಯುವಾಗ ಗ್ರೀಕರ ವೀರ ಅಕಿಲೀಸ್ ಇನ್ನೂ ಬದುಕಿದ್ದಾನೆ. ಅವನ ಪಾದದ ಬಳಿ ಬಾಣ ನಾಟಿದ ಚಿತ್ರ ಕ್ರಿಸ್ತಪೂರ್ವ 6ನೆಯ ಶತಮಾನದ ಮಣ್ಣಿನ ಪಾತ್ರೆಯೊಂದರ ಮೇಲಿತ್ತು, ನಿಜ. ಆದರೆ ಸ್ಟಿಕ್ಸ್‌ನಲ್ಲಿ ಅದ್ದಿದ ಮಾತು ನಮಗೆ ಮೊದಲು ಸಿಗುವುದು ಕ್ರಿಸ್ತಶಕ 1ನೆಯ ಶತಮಾನದ ಕೊನೆಯಲ್ಲಿ, ರೋಮಿನ ಕವಿ ಸ್ಟೇಷಿಯಸ್ ಅರ್ಧಕ್ಕೇ ಬಿಟ್ಟ ಕಾವ್ಯದಲ್ಲಿ. ಹೋಮರನಿಗೂ ಅವನಿಗೂ ಸುಮಾರು 800 ವರ್ಷಗಳ ಅಂತರ.

ಹೋಮರನ ಅಕಿಲೀಸ್‌ಗೆ ಗಾಯವಾಗುತ್ತದೆ. 21ನೆಯ ಸರ್ಗವನ್ನು ಮತ್ತೆ ತೆರೆದು ನೋಡಿ. ಎರಡೂ ಕೈಗಳಿಂದ ಈಟಿ ಎಸೆಯಬಲ್ಲ, ಟ್ರಾಯ್ ಪಕ್ಷದ ಅಸ್ಟೆರೋಪಿಯಸ್ ನದಿಯಲ್ಲಿ ಅವನಿಗೆ ಎದುರಾಗುತ್ತಾನೆ. ಒಂದು ಈಟಿ ಗುರಾಣಿಗೆ ಬಡಿದು ನಿಲ್ಲುತ್ತದೆ, ಇನ್ನೊಂದು ಬಲ ಮುಂಗೈಯನ್ನು ಸವರಿಕೊಂಡು ಹೋಗುತ್ತದೆ, ಕಪ್ಪು ರಕ್ತ ಚಿಮ್ಮುತ್ತದೆ. ಅದೇ ಸರ್ಗದ ಕೊನೆಯಲ್ಲಿ ಟ್ರಾಯ್‌ನ ಅಗೆನಾರ್ ತನಗೆ ತಾನೇ ಧೈರ್ಯ ಹೇಳಿಕೊಳ್ಳುವುದೂ ಹೀಗೆಯೇ: ಇವನ ಮೈಯನ್ನೂ ಕಂಚು ಸೀಳಬಲ್ಲದು, ಇವನಿಗೂ ಇರುವುದು ಒಂದೇ ಪ್ರಾಣ. ಅವನೆಸೆದ ಈಟಿ ಅಕಿಲೀಸ್‌ನ ಮೊಣಕಾಲ ಕೆಳಗೆ ಬಡಿಯುತ್ತದೆ. ಕಾಲನ್ನು ಕಾಯುವುದು ಸ್ಟಿಕ್ಸ್‌ನ ನೀರಲ್ಲ, ಹೊಸದಾಗಿ ಮಾಡಿಸಿದ ತವರದ ಕಾಲುಗವಚ. ಚರ್ಮವೇ ಅಭೇದ್ಯವಾಗಿದ್ದರೆ ತಾಯಿ ದೇವಕಮ್ಮಾರ ಹೆಫೈಸ್ಟಸ್‌ನ ಬಳಿಗೆ ಹೋಗಿ ಮಗನಿಗಾಗಿ ಕವಚ ಬೇಡುವ ಅಗತ್ಯವಾದರೂ ಏನಿತ್ತು?

ಹಿಮ್ಮಡಿಯ ಕಥೆ ಅಕಿಲೀಸ್‌ಗೆ ಅನ್ಯಾಯ ಮಾಡಿದೆ ಎಂದೇ ನನ್ನ ಭಾವನೆ. ಸಾವೇ ತಟ್ಟದವನಿಗೆ ರಣರಂಗಕ್ಕೆ ಇಳಿಯಲು ಧೈರ್ಯವೇಕೆ? ಹೋಮರನ ಅಕಿಲೀಸ್‌ಗೆ ತನ್ನ ಮುಂದೆ ಎರಡು ದಾರಿಗಳಿರುವುದು ಗೊತ್ತು. ಟ್ರಾಯ್‌ನಲ್ಲೇ ಉಳಿದು ಕಾದಾಡಿದರೆ ಅಳಿಯದ ಕೀರ್ತಿ, ಮರಳಿ ಮನೆ ಸೇರುವುದಿಲ್ಲ. ಹಡಗು ಹತ್ತಿ ಊರಿಗೆ ಹೋದರೆ ದೀರ್ಘಾಯುಷ್ಯ, ಹೆಸರು ಉಳಿಯುವುದಿಲ್ಲ. 9ನೆಯ ಸರ್ಗದಲ್ಲಿ ಅವನು ಹೊರಟೇ ಬಿಡುವ ಮಾತಾಡುತ್ತಾನೆ. ಗೆಳೆಯ ಪೆಟ್ರೋಕ್ಲಸ್‌ನನ್ನು ಹೆಕ್ಟರ್ ಕೊಂದ ಮೇಲೆ ಎಲ್ಲವೂ ಬದಲಾಗುತ್ತದೆ. ಹೆಕ್ಟರ್ ಸತ್ತರೆ ಅವನ ಬೆನ್ನಿಗೇ ನಿನ್ನ ಸಾವು ಎಂದು ತಾಯಿ ಅಳುತ್ತ ಹೇಳಿದರೂ ಅವನು ಕದಲುವುದಿಲ್ಲ.

ಅವನ ಕ್ರೌರ್ಯವನ್ನು ಹೋಮರ್ ಮುಚ್ಚಿಡುವುದಿಲ್ಲ. ಹೆಕ್ಟರನ ಶವವನ್ನು ರಥಕ್ಕೆ ಕಟ್ಟಿ ಧೂಳಿನಲ್ಲಿ ಎಳೆದವನು ಇವನೇ. ಆದರೂ ನಾನು ಮತ್ತೆ ಮತ್ತೆ ಮರಳುವುದು 24ನೆಯ ಸರ್ಗಕ್ಕೆ. ಮಗನ ಶವ ಬೇಡಲು ರಾತ್ರಿ ಶತ್ರುವಿನ ಬಿಡಾರಕ್ಕೆ ಬಂದ ಮುದಿ ರಾಜ ಪ್ರಿಯಾಮ್, ತನ್ನ ಎಷ್ಟೋ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ನಿನ್ನ ತಂದೆಯನ್ನು ನೆನೆದುಕೋ ಎನ್ನುತ್ತಾನೆ. ಅಕಿಲೀಸ್ ಆ ಮುದುಕನ ಕೈ ಹಿಡಿದು ಮೆಲ್ಲಗೆ ಸರಿಸುತ್ತಾನೆ. ಆಮೇಲೆ ಇಬ್ಬರೂ ಅಳುತ್ತಾರೆ, ಒಬ್ಬ ಹೆಕ್ಟರನಿಗಾಗಿ, ಇನ್ನೊಬ್ಬ ಒಮ್ಮೆ ತಂದೆಗಾಗಿ, ಒಮ್ಮೆ ಪೆಟ್ರೋಕ್ಲಸ್‌ಗಾಗಿ. ಶವವನ್ನು ತೊಳೆಸಿ, ತಾನೇ ಎತ್ತಿ ಚಟ್ಟದ ಮೇಲೆ ಇಡುವವನೂ ಅಕಿಲೀಸೇ.

ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಅವನ ಹೆಸರನ್ನು ಸೇರಿಸಿದ್ದು ಅಂಗರಚನಾ ತಜ್ಞ ಫಿಲಿಪ್ ವೆರ್ಹೇಯೆನ್, 1693ರಲ್ಲಿ. ವೈದ್ಯರ ಬಾಯಲ್ಲಿ ಆ ಹೆಸರು ಈಗಲೂ ಇದೆ.

ಇಲಿಯಡ್ ಮುಗಿಸಿರುವುದರಿಂದ ಹೋಮರನ ಇನ್ನೊಂದು ಮಹಾಕಾವ್ಯ ಒಡಿಸ್ಸಿಯ 11ನೆಯ ಸರ್ಗವನ್ನೂ ಓದಿ. ಪಾತಾಳದಲ್ಲಿ ಅದರ ನಾಯಕ ಒಡಿಸ್ಸಿಯಸ್ ಕಂಡ ಅಕಿಲೀಸ್, ಸತ್ತವರಿಗೆಲ್ಲ ಅರಸನಾಗುವುದಕ್ಕಿಂತ ಬಡವನ ಹೊಲದಲ್ಲಿ ಕೂಲಿಯಾಗಿ ಬದುಕುವುದೇ ಮೇಲು ಎನ್ನುತ್ತಾನೆ. ಮಗ ಹೇಗಿದ್ದಾನೆ ಎಂದು ಕೇಳುತ್ತಾನೆ. ಟ್ರಾಯ್‌ನಲ್ಲಿ ಚೆನ್ನಾಗಿ ಹೋರಾಡಿದ, ಮೈಗೆ ಒಂದು ಗಾಯವೂ ಆಗದೆ ಹಡಗು ಹತ್ತಿದ ಎಂಬ ಉತ್ತರ ಕೇಳಿ, ಆ ನೆರಳು ಹಿಗ್ಗಿನಿಂದ ದಾಪುಗಾಲು ಹಾಕುತ್ತ ಆಸ್ಫೊಡೆಲ್ ಹೂವಿನ ಬಯಲಿನಲ್ಲಿ ಹೊರಟುಹೋಗುತ್ತದೆ.