ಮಧ್ಯಾಹ್ನವಾದರೆ ಮೇಲೇಳುವ ಮನೆ: ಸ್ಪೋರ್ಟ್ಸ್ ವಾಚಿನ ಎತ್ತರದ ಲೆಕ್ಕ

ನಮ್ಮ ಮನೆ ಇರುವುದು ಬಸವನಗುಡಿಯಲ್ಲಿ, ಎರಡನೆಯ ಮಹಡಿ. ಕಳೆದ ಭಾನುವಾರ ವಾಚನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಬೆಳಿಗ್ಗೆ ಹತ್ತು ಗಂಟೆಗೆ ಅದು ತೋರಿಸಿದ ಎತ್ತರ 921 ಮೀಟರ್. ಸಂಜೆ ನಾಲ್ಕಕ್ಕೆ ನೋಡಿದರೆ 954. ಮೇಜು ಅಲುಗಿರಲಿಲ್ಲ, ಮನೆಯೂ ಇದ್ದಲ್ಲೇ ಇತ್ತು. ರಾತ್ರಿ ಹತ್ತಕ್ಕೆ ಮತ್ತೆ 927. ಸೆನ್ಸರ್ ಕೆಟ್ಟಿದೆ ಎಂದುಕೊಂಡು ವಾಚನ್ನು ಎರಡು ಬಾರಿ ರೀಸೆಟ್ ಮಾಡಿದೆ. ಸೋಮವಾರವೂ ಅದೇ ಕಥೆ, ಹೆಚ್ಚುಕಡಿಮೆ ಅದೇ ಅಂಕಿಗಳು. ಕೆಟ್ಟ ಯಂತ್ರ ಇಷ್ಟು ಶಿಸ್ತಿನಿಂದ ತಪ್ಪು ಮಾಡುವುದಿಲ್ಲ ಎಂದು ಅನ್ನಿಸಿದ್ದು ಆಗಲೇ. ಅಲ್ಲಿಂದ ಕಲಿತದ್ದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ವಾಚು ಎತ್ತರವನ್ನು ಅಳೆಯುವುದೇ ಇಲ್ಲ

ಬ್ಯಾರೊಮೀಟರ್ ಇರುವ ವಾಚು ಅಳೆಯುವುದು ಗಾಳಿಯ ಒತ್ತಡವನ್ನು ಮಾತ್ರ. ಆ ಒತ್ತಡವನ್ನು ಒಂದು ಆದರ್ಶ ವಾತಾವರಣದ ಸೂತ್ರಕ್ಕೆ ಹಾಕಿ ಎತ್ತರವನ್ನು ಲೆಕ್ಕ ಹಾಕುತ್ತದೆ. ಸೂತ್ರದ ಪ್ರಕಾರ ಸಮುದ್ರಮಟ್ಟದಲ್ಲಿ ಒತ್ತಡ 1013.25 ಹೆಕ್ಟೊಪಾಸ್ಕಲ್ (ಹಳಬರು ಮಿಲಿಬಾರ್ ಎನ್ನುತ್ತಿದ್ದದ್ದು ಇದನ್ನೇ), ತಾಪಮಾನ 15 ಡಿಗ್ರಿ. ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ತಂಪು. ಈ ಸೂತ್ರದಲ್ಲಿ ಬೆಂಗಳೂರಿನ 920 ಮೀಟರಿಗೆ ಬರುವ ಒತ್ತಡ ಸುಮಾರು 907. ಇಲ್ಲಿ ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸ ಎಂದರೆ ಒಂಬತ್ತು ಮೀಟರ್ ಎತ್ತರ. ಕಡಲ ತೀರದಲ್ಲಾದರೆ ಎಂಟಕ್ಕಿಂತ ತುಸು ಹೆಚ್ಚು. ಈ ‘ಒಂದಕ್ಕೆ ಒಂಬತ್ತು’ ನೆನಪಿರಲಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ನಾನು ಎಡವಿದ ಮೆಟ್ಟಿಲು

ಒತ್ತಡ ಇಳಿದರೆ ವಾಚಿನ ಎತ್ತರ ಏರುತ್ತದೆ. ಓದುವಾಗ ಸರಳ, ಆದರೆ ಲೆಕ್ಕಕ್ಕೆ ಕೂತಾಗಲೆಲ್ಲ ನನಗೆ ಇದು ತಲೆಕೆಳಗಾಗುತ್ತಿತ್ತು. ಕೊನೆಗೆ ಕೆರೆಯ ತಳದ ಮೀನನ್ನು ನೆನೆದ ಮೇಲೆ ಸರಿಹೋಯಿತು.

ಕೆರೆಯ ತಳದಲ್ಲಿ ಕಣ್ಣು ಕಾಣದ ಮೀನೊಂದು ಅಲುಗಾಡದೆ ಕೂತಿದೆ ಎಂದುಕೊಳ್ಳಿ. ಅದಕ್ಕೆ ಗೊತ್ತಾಗುವುದು ಮೈಮೇಲಿನ ನೀರಿನ ಭಾರ ಒಂದೇ. ಯಾರೋ ತೂಬು ಎತ್ತಿದರು, ಕೆರೆಯ ನೀರು ಒಂದು ಅಡಿ ಇಳಿಯಿತು. ಮೀನಿಗೆ ಭಾರ ಕಡಿಮೆಯಾಯಿತು. ‘ಓಹೋ, ನಾನು ಒಂದು ಅಡಿ ಮೇಲೆ ಬಂದೆ’ ಎಂದುಕೊಳ್ಳುತ್ತದೆ. ಗದ್ದೆಗೆ ನೀರು ಹೋದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ನಮ್ಮ ವಾಚು ಈ ಮೀನು, ಗಾಳಿಯೇ ಕೆರೆ. ಭಾರ ಕಡಿಮೆಯಾದದ್ದು ತಾನು ಏರಿದ್ದರಿಂದಲೋ ಹವೆ ಬದಲಾದದ್ದರಿಂದಲೋ ಎಂದು ತಿಳಿಯಲು ಅದರ ಬಳಿ ಬೇರೆ ದಾರಿಯಿಲ್ಲ. ಕೆಲವು ವಾಚುಗಳ ಸೆಟ್ಟಿಂಗಿನಲ್ಲಿ ‘ಆಲ್ಟಿಮೀಟರ್’, ‘ಬ್ಯಾರೊಮೀಟರ್’, ‘ಆಟೊ’ ಎಂಬ ಮೂರು ಆಯ್ಕೆಗಳಿರುವುದು ಇದಕ್ಕೇ. ಮೊದಲನೆಯದು ಬದಲಾವಣೆಯನ್ನೆಲ್ಲ ಎತ್ತರದ ಖಾತೆಗೆ ಹಾಕುತ್ತದೆ, ಎರಡನೆಯದು ಹವೆಯ ಖಾತೆಗೆ. ಮೂರನೆಯದು ನೀವು ನಡೆಯುತ್ತಿದ್ದೀರೋ ಕೂತಿದ್ದೀರೋ ನೋಡಿ ಊಹಿಸುತ್ತದೆ. ನನ್ನ ವಾಚು ಮೊದಲನೆಯದರಲ್ಲಿತ್ತು.

ಹಾಗಾದರೆ ತೂಬು ಎತ್ತಿದವರು ಯಾರು?

ಸೂರ್ಯ. ಸಮುದ್ರಕ್ಕೆ ಉಬ್ಬರವಿಳಿತ ಇರುವಂತೆ ಗಾಳಿಗೂ ಇದೆ. ಸಮುದ್ರದಲ್ಲಿ ಚಂದ್ರನ ಕೈ ಮೇಲು, ಗಾಳಿಯಲ್ಲಿ ಸೂರ್ಯನದು. ಮೇಲಿನ ಓಜೋನ್ ಮತ್ತು ಕೆಳಗಿನ ನೀರಾವಿ ಬಿಸಿಲನ್ನು ಹೀರಿ ಕಾಯುವುದರಿಂದ ಇಡೀ ವಾತಾವರಣ ದಿನಕ್ಕೆ ಎರಡು ಬಾರಿ ತೂಗುತ್ತದೆ. ಒತ್ತಡ ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಗರಿಷ್ಠ, ಬೆಳಗಿನ ಜಾವ ನಾಲ್ಕು ಮತ್ತು ಸಂಜೆ ನಾಲ್ಕರ ಸುಮಾರಿಗೆ ಕನಿಷ್ಠ. ಭೂಮಧ್ಯರೇಖೆಯ ಹತ್ತಿರ ಈ ತೂಗಾಟ ಜೋರು, ಧ್ರುವಗಳ ಕಡೆ ಹೋದಂತೆ ಕ್ಷೀಣ. ವಾಚಿನ ಜೊತೆ ಬಂದ ಕೈಪಿಡಿ ‘ಬಿರುಗಾಳಿ ಬಂದರೆ ಎತ್ತರ ತಪ್ಪಬಹುದು’ ಎಂದು ಹೇಳಿ ಸುಮ್ಮನಾಗುತ್ತದೆ. ಅದನ್ನು ಬರೆದವರ ಊರಿನಲ್ಲಿ ಈ ಬಾಧೆ ಅಷ್ಟಿರಲಿಕ್ಕಿಲ್ಲ. ನಮ್ಮಲ್ಲಿ ಬಿರುಗಾಳಿ ಬೇಕಾಗಿಲ್ಲ, ಶುಭ್ರ ಆಕಾಶವೇ ಸಾಕು.

ನನ್ನ 33 ಮೀಟರನ್ನು ಒಂಬತ್ತರಿಂದ ಭಾಗಿಸಿದರೆ ಮೂರೂವರೆ ಹೆಕ್ಟೊಪಾಸ್ಕಲಿಗಿಂತ ತುಸು ಹೆಚ್ಚು. ಹಗಲಿನ ತೂಗಾಟ ಅಷ್ಟೇ ಇರುತ್ತದೆ. ವಾಚು ಸರಿಯಾಗಿಯೇ ಇತ್ತು.

ಇದರಿಂದ ನಾನು ಮಾಡಿಕೊಂಡ ಅಡ್ಡದಾರಿ ಹೀಗಿದೆ: ಹತ್ತರಿಂದ ನಾಲ್ಕರವರೆಗೆ ಗಂಟೆಗೆ ಐದು ಮೀಟರ್ ಕಳೆಯುವುದು, ಬೆಳಗಿನ ಜಾವ ನಾಲ್ಕರಿಂದ ಹತ್ತರವರೆಗೆ ಗಂಟೆಗೆ ಮೂರು ಮೀಟರ್ ಕೂಡಿಸುವುದು. ರಾತ್ರಿಯ ಇಳಿತ ಹಗಲಿನದಕ್ಕಿಂತ ಚಿಕ್ಕದಾದ್ದರಿಂದ ಆ ಐದು, ಈ ಮೂರು. ಮೋಡ ಕವಿದ ಮಳೆಗಾಲದ ದಿನಗಳಲ್ಲಿ ತೂಗಾಟ ತಗ್ಗುತ್ತದೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಿದ್ದರಂತೂ ಈ ಲೆಕ್ಕವನ್ನು ಕೈಬಿಡಬೇಕು. ಆದರೂ ಭಾನುವಾರದ ಓಟಕ್ಕೆ ಇಷ್ಟು ಸಾಕು.

908 ಎಂದು ಒತ್ತಿ ಸಮುದ್ರಕ್ಕಿಳಿದದ್ದು

ಕ್ಯಾಲಿಬ್ರೇಶನ್ ಮೆನುವಿನಲ್ಲಿ ವಾಚು ಎರಡರಲ್ಲಿ ಒಂದನ್ನು ಕೇಳುತ್ತದೆ: ಈಗಿರುವ ಜಾಗದ ಎತ್ತರ, ಇಲ್ಲವೇ ಸಮುದ್ರಮಟ್ಟದ ಒತ್ತಡ. ನಾನು ಎರಡನೆಯದನ್ನು ಆರಿಸಿ, ಪರದೆಯಲ್ಲಿ ಕಾಣುತ್ತಿದ್ದ 908 ಅನ್ನೇ ತುಂಬಿದೆ. ಎತ್ತರ ಸೊನ್ನೆಗೆ ಬಂತು! ಬಸವನಗುಡಿ ಸೀದಾ ಪಣಂಬೂರಿನ ಮರಳಿಗೆ ಇಳಿದಿತ್ತು.

908 ನಾನು ಕೂತಿದ್ದ ಜಾಗದ ನಿಜವಾದ ಒತ್ತಡ. ವಾಚು ಕೇಳುತ್ತಿದ್ದದ್ದು, ಇದೇ ಜಾಗದಲ್ಲಿ ಸಮುದ್ರದವರೆಗೆ ಬಾವಿ ತೋಡಿದರೆ ಅದರ ತಳದಲ್ಲಿ ಎಷ್ಟು ಒತ್ತಡ ಇರುತ್ತಿತ್ತು ಎಂದು. ಹವಾಮಾನದ ಆ್ಯಪ್‌ಗಳು 1010, 1014 ಎಂದೆಲ್ಲ ತೋರಿಸುವುದು ಈ ಎರಡನೆಯ ಅಂಕಿಯನ್ನು. ವಿಮಾನ ನಿಲ್ದಾಣಗಳ ಹವಾ ವರದಿಯಲ್ಲಿ ‘ಕ್ಯೂ’ ಅಕ್ಷರದ ಮುಂದೆ ಬರುವ ನಾಲ್ಕಂಕಿಯೂ ಅದೇ ಜಾತಿಯದು, ಆ್ಯಪಿಗಿಂತ ನಂಬಲರ್ಹ. ಬೆಂಗಳೂರಿನಲ್ಲಿ ಕೂತು ಮೂರಂಕಿಯ ಒತ್ತಡವನ್ನು ಆ ಖಾನೆಗೆ ತುಂಬಹೊರಟಿದ್ದರೆ ಕೈ ತಡೆಯಿರಿ.

ಮೊಬೈಲ್ ನೋಡಿ ಸರಿಪಡಿಸುವ ಮುನ್ನ

ಗೆಳೆಯರೊಬ್ಬರು ‘ಮೊಬೈಲಿನ ಜಿಪಿಎಸ್ ನೋಡಿ ಎತ್ತರ ತುಂಬಿಸಿ’ ಎಂದರು. ನನ್ನ ಮೊಬೈಲಿನ ಆ್ಯಪ್ 835 ಎಂದಿತು. ಜಿಪಿಎಸ್ ಎತ್ತರದಲ್ಲಿ ಹತ್ತಿಪ್ಪತ್ತು ಮೀಟರ್ ತಪ್ಪುವುದು ಮಾಮೂಲು, ಏಕೆಂದರೆ ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇವೆ, ಕಾಲ ಕೆಳಗೆ ಒಂದೂ ಇಲ್ಲ. ಆದರೆ 86 ಮೀಟರ್?

ಜಿಪಿಎಸ್ ತನ್ನ ಎತ್ತರವನ್ನು ಸಮುದ್ರದಿಂದ ಅಳೆಯುವುದಿಲ್ಲ. ಭೂಮಿಯನ್ನು ನುಣುಪಾದ ಚಪ್ಪಟೆ ಗೋಳವೆಂದು ಭಾವಿಸಿ ಅದರ ಮೈಯಿಂದ ಅಳೆಯುತ್ತದೆ. ನಿಜವಾದ ಸಮುದ್ರಮಟ್ಟ ಗುರುತ್ವಕ್ಕೆ ತಕ್ಕಂತೆ ಉಬ್ಬುತಗ್ಗಾಗಿದೆ, ಮತ್ತು ಜಗತ್ತಿನಲ್ಲೇ ಅತಿ ಆಳದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ: ಸುಮಾರು 106 ಮೀಟರ್. ಈ ತಗ್ಗಿಗೆ ಭೂಮಿಯೊಳಗಿನ ಬಿಸಿಯಾದ ಹಗುರ ಶಿಲೆ ಕಾರಣವೆಂದು 2023ರಲ್ಲಿ ವಿವರಣೆ ಕೊಟ್ಟವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರೇ. ಆ ತಗ್ಗಿನ ಇಳಿಜಾರಿನಲ್ಲಿ ದಕ್ಷಿಣ ಭಾರತವೂ ಕೂತಿದೆ. ಬೆಂಗಳೂರಿನಲ್ಲಿ ಸಮುದ್ರಮಟ್ಟ ಆ ಗೋಳದ ಮೈಗಿಂತ ಸುಮಾರು 86 ಮೀಟರ್ ಕೆಳಗಿದೆ. ಒಳ್ಳೆಯ ವಾಚುಗಳು ಇದನ್ನು ತಾವೇ ತಿದ್ದಿಕೊಳ್ಳುತ್ತವೆ. ಕೆಲವು ಆ್ಯಪ್‌ಗಳು ತಿದ್ದದ ಅಂಕಿಯನ್ನೇ ಮುಖಕ್ಕೆ ಹಿಡಿಯುತ್ತವೆ. ಬೆಂಗಳೂರಿನ ಎತ್ತರ ಎಂಟುನೂರಮೂವತ್ತರ ಆಸುಪಾಸು ಕಂಡರೆ 86 ಕೂಡಿಸಿ ನೋಡಿ.

ನಂಬಬಹುದಾದ ಎತ್ತರ ಬೇಕಾದರೆ ರೈಲು ನಿಲ್ದಾಣಕ್ಕೆ ಹೋಗಬೇಕು. ಪ್ಲಾಟ್‌ಫಾರ್ಮಿನ ತುದಿಯ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತದೆ. ಚಿಕ್ಕಂದಿನಿಂದ ನೋಡುತ್ತಿದ್ದೆ, ಯಾಕೆ ಬರೆದಿದ್ದಾರೆಂದು ಕೇಳಿರಲಿಲ್ಲ. ಈಗ ಫಲಕದ ಬುಡದಲ್ಲಿ ನಿಂತು ವಾಚಿನ ಗುಂಡಿ ಒತ್ತುತ್ತೇನೆ. ಪಾದಚಾರಿ ಸೇತುವೆಯ ಮೇಲೆ ನಿಂತು ಒತ್ತಬೇಡಿ, ಅಲ್ಲಿಗೇ ಆರೇಳು ಮೀಟರ್ ಹೋಯಿತು.

ಸಣ್ಣ ತೂತುಗಳು

ವಾಚಿನ ಪಕ್ಕದಲ್ಲೋ ಹಿಂಬದಿಯಲ್ಲೋ ಇರುವ ಸೂಜಿಮೊನೆಯಷ್ಟು ತೂತುಗಳಿಂದ ಗಾಳಿ ಒಳಗೆ ಹೋಗಬೇಕು. ಬೆವರಿನ ಉಪ್ಪು, ಸನ್‌ಸ್ಕ್ರೀನ್ ಕಟ್ಟಿಕೊಂಡರೆ ಏರುವಾಗ ಅಂಕಿ ಜಡವಾಗಿ ನಿಂತು ಆಮೇಲೆ ದಿಢೀರನೆ ಹಾರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೊಳೆದು ಒಣಗಿಸಿ. ಪಿನ್ನು ಚುಚ್ಚಬಾರದು. ಪರೀಕ್ಷೆಗೆ ಮೆಟ್ಟಿಲು ಹತ್ತಿದರಾಯಿತು: ನಮ್ಮ ಕಟ್ಟಡದಲ್ಲಿ 60 ಮೆಟ್ಟಿಲು, ಒಂದೊಂದು 16 ಸೆಂಟಿಮೀಟರ್, ಒಟ್ಟು 9.6 ಮೀಟರ್. ವಾಚು ಒಂಬತ್ತೋ ಹತ್ತೋ ತೋರಿಸಿದರೆ ತೂತು ಸ್ವಚ್ಛ.

ಕುಮಾರ ಪರ್ವತ ಕುಗ್ಗಿದ್ದೇಕೆ

ಇದನ್ನು ಕೊನೆಗೆ ಇಟ್ಟದ್ದು ನನಗೆ ಕೊನೆಗೆ ಅರ್ಥವಾದದ್ದರಿಂದ. ಕುಕ್ಕೆಯಲ್ಲಿ ಬೆಳಿಗ್ಗೆ ಆರಕ್ಕೆ 120 ಎಂದು ತುಂಬಿ ಹೊರಟೆ. ಹನ್ನೆರಡೂವರೆಗೆ ತುದಿ ಮುಟ್ಟಿದಾಗ ವಾಚಿನಲ್ಲಿ 1,638. ಶಿಖರದ ಎತ್ತರ 1,712. ಆ ಹೊತ್ತಿಗೆ ಗಾಳಿಯ ಉಬ್ಬರ ಇಳಿದಿರುತ್ತದೆ, ಅದನ್ನು ದೂರುವಂತಿಲ್ಲ.

ಸೂತ್ರ ನಂಬಿರುವುದು ತಂಪು ದೇಶದ ಗಾಳಿಯನ್ನು. ಈ ಏರಿನ ನಡುಮಟ್ಟದಲ್ಲಿ ಅದರ ಪ್ರಕಾರ ಒಂಬತ್ತು ಡಿಗ್ರಿ ಇರಬೇಕು; ಘಟ್ಟದಲ್ಲಿದ್ದದ್ದು ಇಪ್ಪತ್ತೆರಡರ ಸುಮಾರು. ಬಿಸಿ ಗಾಳಿ ಉಬ್ಬಿಕೊಂಡಿರುವುದರಿಂದ ಅಷ್ಟೇ ಒತ್ತಡ ಇಳಿಯಲು ಹೆಚ್ಚು ದೂರ ಹತ್ತಬೇಕು. ಮೂರು ಡಿಗ್ರಿ ಹೆಚ್ಚಿದ್ದರೆ ಏರಿನಲ್ಲಿ ಸುಮಾರು ಶೇ. 1ರಷ್ಟು ನಷ್ಟ. ಇಲ್ಲಿ ಹದಿಮೂರು ಡಿಗ್ರಿಗೆ ಶೇ. 4.5, ಅಂದರೆ ಸುಮಾರು 1,590 ಮೀಟರ್ ಏರಿನಲ್ಲಿ 70 ಮೀಟರ್ ನುಂಗಿಹೋಯಿತು.

ಶಿಖರದಲ್ಲಿ 1,712 ಎಂದು ತುಂಬಿ ಇಳಿದರೆ ಸರಿಯಾಗುತ್ತದೆ ಎಂದುಕೊಂಡಿದ್ದೆ. ಸಂಜೆ ಕುಕ್ಕೆಯ ರಥಬೀದಿಯಲ್ಲಿ ವಾಚು 206 ತೋರಿಸಿತು. ಮೇಲೆ ಕಾಣೆಯಾಗಿದ್ದ ಮೀಟರುಗಳು ಕೆಳಗೆ ಬಂದು ಕೂತಿದ್ದವು, ಜೊತೆಗೆ ಸಂಜೆಯ ಇಳಿತದ್ದೂ ಹತ್ತು ಹನ್ನೆರಡು ಸೇರಿತ್ತು. ಅಲ್ಲೇ ನಿಂತು ಮತ್ತೆ 120 ಒತ್ತಿ ಊಟಕ್ಕೆ ಹೋದೆ.