ಶಾ ಪಕ್ಕದ ಪೈಲಟ್: ಜನರಲ್ ಖತಾಮಿ ಬಗ್ಗೆ ಓದುವಾಗ ಬರೆದುಕೊಂಡಿದ್ದು

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಮೊಹಮ್ಮದ್ ಖತಾಮಿ ಅಂದ ಕೂಡಲೇ 1997ರಿಂದ 2005ರವರೆಗೆ ಇರಾನಿನ ಅಧ್ಯಕ್ಷರಾಗಿದ್ದವರು ನೆನಪಾಗುತ್ತಾರೆ. ಇವರು ಅವರಲ್ಲ. ಇವರು ಇರಾನಿನ ಕೊನೆಯ ಶಾ, ಅಂದರೆ ರಾಜ, ಮೊಹಮ್ಮದ್ ರೆಜಾ ಪಹ್ಲವಿ ಕಾಲದ ವಾಯುಪಡೆ ಮುಖ್ಯಸ್ಥ ಜನರಲ್ ಮೊಹಮ್ಮದ್ ಅಮೀರ್ ಖತಾಮಿ. 1920ರಲ್ಲಿ ರಶ್ತ್ ಊರಿನಲ್ಲಿ ಹುಟ್ಟಿದರು. 1958ರಿಂದ 1975ರಲ್ಲಿ ಸಾಯುವವರೆಗೂ ವಾಯುಪಡೆ ಅವರ ಕೈಯಲ್ಲೇ ಇತ್ತು.

ಸುಮಾರು 17 ವರ್ಷ! ಸೇನೆ ಎಲ್ಲಿ ತಿರುಗಿಬೀಳುತ್ತದೋ ಅಂತ ಸದಾ ಹೆದರುತ್ತಿದ್ದ ಶಾ, ಒಬ್ಬರನ್ನೇ ಇಷ್ಟು ವರ್ಷ ಆ ಜಾಗದಲ್ಲಿ ಯಾಕೆ ಇಟ್ಟುಕೊಂಡರು? ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಅದಕ್ಕೆ 1953ರ ಆಗಸ್ಟ್ 16ಕ್ಕೆ ಹೋಗಬೇಕು.

ಆಗ ಪ್ರಧಾನಿ ಮೊಸದ್ದೆಗ್. ತೈಲ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದವರು. ಅವರನ್ನು ವಜಾ ಮಾಡುವ ಆದೇಶಕ್ಕೆ ಶಾ ಸಹಿ ಹಾಕಿದ್ದರು. ಅದನ್ನು ರಾತ್ರಿ ಮೊಸದ್ದೆಗ್ ಮನೆಗೆ ಒಯ್ದ ಕರ್ನಲ್ ನಸ್ಸೀರಿ ಅಲ್ಲೇ ಬಂಧನಕ್ಕೆ ಒಳಗಾದರು. ಶಾ ಮತ್ತು ರಾಣಿ ಸೊರಾಯಾ ಉತ್ತರದ ಕಲಾರ್‌ದಶ್ತ್‌ನಲ್ಲಿ ಕಾಯುತ್ತಿದ್ದರು. ಸುದ್ದಿ ತಿಳಿದದ್ದೇ ತಡ, ಕ್ಯಾಸ್ಪಿಯನ್ ದಡದ ರಾಮ್‌ಸರ್‌ಗೆ ಹೋಗಿ ಎರಡು ಎಂಜಿನ್‌ನ ಪುಟ್ಟ ಬೀಚ್‌ಕ್ರಾಫ್ಟ್ ವಿಮಾನ ಹತ್ತಿದರು. ಒಳಗೆ ಇದ್ದದ್ದು ನಾಲ್ಕೇ ಜನ: ಶಾ, ಸೊರಾಯಾ, ಆಸ್ಥಾನದ ಅಧಿಕಾರಿ ಅತಾಬಾಯ್, ಮತ್ತು ಖತಾಮಿ. ಶಾ ಸ್ವತಃ ಪೈಲಟ್. ಅವರ ಜೊತೆಗಾರ ಪೈಲಟ್ ಖತಾಮಿ. ದೇಶ ಕೈತಪ್ಪಿತು ಅಂದುಕೊಂಡು ಹೊರಟ ರಾಜ, ಬಾಗ್ದಾದ್‌ನಲ್ಲಿ ಇಳಿಯುವವರೆಗೂ ಪೂರ್ತಿ ನಂಬಿದ್ದು ಈ ಒಬ್ಬ ಅಧಿಕಾರಿಯನ್ನು. ಅಲ್ಲಿಂದ ರೋಮ್‌ಗೆ ಹೋದರು. ಆಗಸ್ಟ್ 19ರಂದು ಅಮೆರಿಕ ಮತ್ತು ಬ್ರಿಟನ್‌ನ ಗುಪ್ತಚರ ಸಂಸ್ಥೆಗಳ ಬೆಂಬಲದಿಂದ ಮೊಸದ್ದೆಗ್ ಸರ್ಕಾರ ಉರುಳಿತು. 22ಕ್ಕೆ ಶಾ ವಾಪಸ್ ಬಂದರು.

ಮುಂದೆ 1958ರ ಜುಲೈನಲ್ಲಿ ಪಕ್ಕದ ಇರಾಕಿನಲ್ಲಿ ಸೇನೆಯೇ ದಂಗೆ ಎದ್ದು ರಾಜ ಎರಡನೇ ಫೈಸಲ್‌ನನ್ನು ಕೊಂದಿತು. ಖತಾಮಿ ವಾಯುಪಡೆ ಮುಖ್ಯಸ್ಥರಾದದ್ದೂ ಅದೇ ವರ್ಷ. ಇದರಿಂದಲೇ ಅದು ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಶಾ ಮನಸ್ಸು ಅರ್ಥವಾಗುತ್ತದೆ, ಅಲ್ವಾ? ಮರುವರ್ಷ, 1959ರಲ್ಲಿ, ಖತಾಮಿ ಶಾ ಅವರ ಮಲತಂಗಿ ಫಾತಿಮೆ ಪಹ್ಲವಿಯನ್ನು ಮದುವೆಯಾದರು. ಫಾತಿಮೆಗೂ ವಿಮಾನ ಹಾರಿಸುವುದು ಗೊತ್ತಿತ್ತು. ಹೀಗೆ ವಾಯುಪಡೆಯ ಮುಖ್ಯಸ್ಥರು ಅರಮನೆಯ ಅಳಿಯನೂ ಆದರು.

ಈ ನಂಟು ಎಷ್ಟು ದೊಡ್ಡದು ಅಂತ ತಿಳಿಯಲು ಮೊರಾಕ್ಕೊ ನೋಡಿ. 1972ರಲ್ಲಿ, ಅದೂ ಆಗಸ್ಟ್ 16ರಂದೇ, ರಾಜ ಎರಡನೇ ಹಸನ್ ಪ್ರಯಾಣಿಸುತ್ತಿದ್ದ ಬೋಯಿಂಗ್ 727 ಮೇಲೆ ಅವರದೇ ವಾಯುಪಡೆಯ ಎಫ್-5 ಯುದ್ಧವಿಮಾನಗಳು ಗುಂಡು ಹಾರಿಸಿದವು. ರಾಜ ಬದುಕಿದ್ದೇ ಹೆಚ್ಚು. ಪರೀಕ್ಷೆಗೆ ಓದುವವರು ಈ ಒಂದು ತಾರೀಖು ನೆನಪಿಟ್ಟುಕೊಂಡರೆ ಎರಡು ದೇಶದ ಕಥೆ ಸಿಗುತ್ತದೆ. ಒಂದು ಕಡೆ ಪೈಲಟ್ ರಾಜನನ್ನು ಪಾರು ಮಾಡಿದ. ಇನ್ನೊಂದು ಕಡೆ ಪೈಲಟ್‌ಗಳೇ ಗುರಿಯಿಟ್ಟರು.

ಖತಾಮಿ ಕಾಲದಲ್ಲಿ ವಾಯುಪಡೆ ಬೆಳೆದ ವೇಗ ಬೆರಗು ಹುಟ್ಟಿಸುತ್ತದೆ. 1960ರ ದಶಕದಲ್ಲಿ ಎಫ್-5, ಆಮೇಲೆ ಎಫ್-4 ಫ್ಯಾಂಟಮ್ ಬಂದವು. ನಮಗೆ ತಾಗುವ ಒಂದು ಸಂಗತಿಯೂ ಇದೆ. 1966ರ ಸುಮಾರಿಗೆ ಪಶ್ಚಿಮ ಜರ್ಮನಿಯ 90 ಸೇಬರ್ ಯುದ್ಧವಿಮಾನಗಳು ಇರಾನಿನ ಹೆಸರಲ್ಲಿ ಖರೀದಿಯಾಗಿ ಪಾಕಿಸ್ತಾನ ಸೇರಿದವು. 1971ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳಿಗೆ ಎದುರಾದದ್ದು ಭಾರತದ ಪುಟ್ಟ ಯುದ್ಧವಿಮಾನ ನ್ಯಾಟ್. ಆ ನ್ಯಾಟ್‌ಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಿಸುತ್ತಿದ್ದರು.

1972ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಟೆಹ್ರಾನ್‌ಗೆ ಬಂದು ಹೋದ ಮೇಲೆ ಶಾ ಕೇಳಿದ ಆಯುಧಕ್ಕೆಲ್ಲ ಬಾಗಿಲು ತೆರೆಯಿತು. ಸೋವಿಯತ್ ವಿಮಾನ ಮಿಗ್-25 ಇರಾನಿನ ಆಕಾಶದಲ್ಲಿ ಬಹಳ ಎತ್ತರದಲ್ಲಿ ಹಾರಿ ಹೋಗುತ್ತಿತ್ತು. ಅದನ್ನು ತಡೆಯಲು ದೂರದಿಂದ ಹೊಡೆಯುವ ಫೀನಿಕ್ಸ್ ಕ್ಷಿಪಣಿ ಬೇಕಿತ್ತು. ಅದನ್ನು ಹೊತ್ತು ಹಾರುತ್ತಿದ್ದದ್ದು ಅಮೆರಿಕದ ಎಫ್-14 ಯುದ್ಧವಿಮಾನ. ಇರಾನ್ ಒಟ್ಟು 80 ಎಫ್-14ಗಳಿಗೆ ಆರ್ಡರ್ ಕೊಟ್ಟಿತು. ಇಷ್ಟು ದುಡ್ಡು ಹರಿದ ಕಡೆ ಕಮಿಷನ್ ಮಾತೂ ಬರುತ್ತದೆ. ಖತಾಮಿ ಮೇಲೂ ಅಂಥ ಆರೋಪಗಳು ಬಂದವು. ಅವರನ್ನು ಮೆಚ್ಚಿ ಓದುವವರು ಇದನ್ನು ಬಿಟ್ಟು ಓದಬಾರದು.

1975ರ ಸೆಪ್ಟೆಂಬರ್ 12. ದೆಜ್ ಅಣೆಕಟ್ಟಿನ ಜಲಾಶಯದ ಮೇಲೆ ಖತಾಮಿ ಹ್ಯಾಂಗ್ ಗ್ಲೈಡರ್‌ನಲ್ಲಿ ಹಾರುತ್ತಿದ್ದರು. ಬಟ್ಟೆಯ ರೆಕ್ಕೆ, ಕೆಳಗೆ ನೀರು, ಸುತ್ತ ಕಡಿದಾದ ಬಂಡೆ. ಬಂಡೆಗೆ ಬಡಿದು ತೀರಿಕೊಂಡರು. ಕೊಲೆ ಅಂತ ಗುಸುಗುಸು ಹಬ್ಬಿತು. ನಾನಂತೂ ಅದನ್ನು ವದಂತಿ ಅಂತಲೇ ಬರೆದುಕೊಂಡಿದ್ದೇನೆ. ಅವರು ಕಾದಿದ್ದ ಎಫ್-14 ಇರಾನಿಗೆ ಬಂದಿಳಿದದ್ದು 1976ರ ಜನವರಿಯಲ್ಲಿ, ನಾಲ್ಕೇ ತಿಂಗಳು ತಡವಾಗಿ.

ಇಲ್ಲಿ ಸ್ವಲ್ಪ ನಿಲ್ಲಿ. ವಾಯುಪಡೆಯನ್ನು ಅರಮನೆಗೆ ಕಟ್ಟಿದ್ದು ಒಬ್ಬ ಮನುಷ್ಯನ ಮೇಲಿನ ನಂಬಿಕೆ. ಅವರು ಹೋದ ಮೇಲೆ ಆ ಗಂಟು ಸಡಿಲವಾಯಿತು ಅನ್ನುವುದು ನನ್ನ ಓದು. ಇರಾನಿನಲ್ಲಿ ಕ್ರಾಂತಿ ಎದ್ದು, 1979ರ ಜನವರಿ 16ರಂದು ಶಾ ಮತ್ತೆ ದೇಶ ಬಿಟ್ಟರು. ಈ ಸಲವೂ ವಿಮಾನ ನಡೆಸಿದ್ದು ಅವರೇ. ಪಕ್ಕದಲ್ಲಿ ಖತಾಮಿ ಇರಲಿಲ್ಲ. ಫೆಬ್ರವರಿ 9ರ ರಾತ್ರಿ ಟೆಹ್ರಾನ್‌ನ ದೋಶಾನ್ ತಪ್ಪೆ ವಾಯುನೆಲೆಯಲ್ಲಿ ಬಂಡೆದ್ದವರು ಹೊಮಾಫರ್‌ಗಳು, ಅಂದರೆ ವಾಯುಪಡೆಯದೇ ತಂತ್ರಜ್ಞರು. ಎರಡು ದಿನದಲ್ಲಿ ಸೇನೆ ಕೈಚೆಲ್ಲಿತು. ಶಾ ಕಾಲದ ಕೊನೆಯ ವಾಯುಪಡೆ ಮುಖ್ಯಸ್ಥ ರಬೀಯಿ ಅವರನ್ನು ಏಪ್ರಿಲ್‌ನಲ್ಲಿ ಗಲ್ಲಿಗೇರಿಸದೆ ಗುಂಡಿಟ್ಟು ಕೊಂದರು.

ಎಫ್-14ಗಳಿದ್ದ ಇಸ್ಫಹಾನ್ ವಾಯುನೆಲೆಗೆ ಖತಾಮಿ ಹೆಸರಿಟ್ಟಿದ್ದರು. ಈಗ ಅದರ ಹೆಸರು ಬಾಬಾಯಿ, ಇರಾಕ್ ಜೊತೆಗಿನ ಯುದ್ಧದಲ್ಲಿ ಸತ್ತ ಇನ್ನೊಬ್ಬ ಪೈಲಟ್‌ನದು. ಖತಾಮಿ ತರಿಸಿದ ಆ ವಿಮಾನಗಳನ್ನು ಹೊಸ ಸರ್ಕಾರ ಅದೇ ಯುದ್ಧದುದ್ದಕ್ಕೂ ಹಾರಿಸಿತು.