ಕೊಲ್ಲಲಿಲ್ಲ, ಉಳಿಸಲೂ ಇಲ್ಲ: ಸೂಪರ್‌ಹೀರೋಗಳ ಹಳೆಯ ಜಾಣತನ

ಖಳನಾಯಕ ಓಡುವ ರೈಲಿನೊಳಗೆ ಸಿಕ್ಕಿಬಿದ್ದಿದ್ದಾನೆ. ಮುಂದೆ ಹಳಿ ಕಡಿದುಹೋಗಿದೆ. ನಿನ್ನನ್ನು ನಾನು ಕೊಲ್ಲುವುದಿಲ್ಲ, ಹಾಗೆಂದು ಉಳಿಸಬೇಕಾದ ಹಂಗೂ ನನಗಿಲ್ಲ ಎಂಬರ್ಥದ ಮಾತೊಂದನ್ನು ಹೇಳಿ ನಾಯಕ ರೆಕ್ಕೆ ಬಿಚ್ಚಿ ಹಾರಿಹೋಗುತ್ತಾನೆ. ಇದು 2005ರ ‘ಬ್ಯಾಟ್‌ಮನ್ ಬಿಗಿನ್ಸ್’ ಚಿತ್ರದ ಕೊನೆಯ ಭಾಗ. ಇಪ್ಪತ್ತು ವರ್ಷ ಕಳೆದರೂ ಆ ಮಾತಿನ ಜಗಳ ತಣ್ಣಗಾಗಿಲ್ಲ. ಹುಬ್ಬಳ್ಳಿಯಲ್ಲಿ ಇಂಥ ಸಿನಿಮಾ ನೋಡಿ ಹೊರಬಂದ ಹುಡುಗರು ಗಿರ್ಮಿಟ್ ತಟ್ಟೆ ಹಿಡಿದು ಎರಡು ಪಂಗಡವಾಗುತ್ತಾರೆ. ಒಂದು ಪಂಗಡಕ್ಕೆ ಅವನು ಕೈಗೆ ರಕ್ತ ಅಂಟಿಸಿಕೊಳ್ಳದ ಜಾಣ. ಇನ್ನೊಂದಕ್ಕೆ ಅವನು ಕೊಲೆಗಾರನೇ, ಒಪ್ಪಿಕೊಳ್ಳುವ ಧೈರ್ಯವಿಲ್ಲದವನು ಅಷ್ಟೇ.

ಬ್ಯಾಟ್‌ಮನ್ ಹುಟ್ಟಿನಿಂದಲೇ ಅಹಿಂಸಾವ್ರತಿ ಎಂದು ಹಲವರು ನಂಬಿದ್ದಾರೆ. ದಾಖಲೆ ಬೇರೆಯೇ ಹೇಳುತ್ತದೆ. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ ಸಂಚಿಕೆಯಲ್ಲಿ ಅವನು ಮೊದಲ ಸಲ ಕಾಣಿಸಿಕೊಂಡ. ಆ ಕಥೆಯಲ್ಲೇ ಅವನ ಗುದ್ದು ತಿಂದ ಖಳ ಕಟಾಂಜನ ಮುರಿದು ಆಮ್ಲದ ತೊಟ್ಟಿಗೆ ಬೀಳುತ್ತಾನೆ. ಇಂಥವನಿಗೆ ತಕ್ಕ ಅಂತ್ಯವೇ ಆಯಿತು ಎನ್ನುತ್ತಾನೆ ನಾಯಕ. ಪಶ್ಚಾತ್ತಾಪದ ಸುಳಿವೂ ಇಲ್ಲ. 1940ರಲ್ಲಿ ಬಂದ ‘ಬ್ಯಾಟ್‌ಮನ್’ ಮೊದಲ ಸಂಚಿಕೆಯಲ್ಲಿ ಅವನು ವಿಮಾನದಿಂದ ಮಷೀನ್‌ಗನ್ ಹಾರಿಸಿ ಲಾರಿ ಓಡಿಸುವವನನ್ನು ಕೊಲ್ಲುತ್ತಾನೆ.

ಇದಕ್ಕೆ ಕಡಿವಾಣ ಹಾಕಿದವನು ಸಂಪಾದಕ ವಿಟ್ನಿ ಎಲ್ಸ್‌ವರ್ತ್. ಇನ್ನು ಮುಂದೆ ಬಂದೂಕು ಬೇಡ, ಕೊಲೆ ಬೇಡ ಎಂದು ಅವನು ಅಪ್ಪಣೆ ಮಾಡಿದ. ಅದೇ ಮೊದಲ ಸಂಚಿಕೆಯಲ್ಲಿ ಜೋಕರ್ ಸಾಯುವಂತೆ ಕಥೆ ಹೆಣೆಯಲಾಗಿತ್ತು. ಇಂಥ ಖಳ ಮತ್ತೆ ಬೇಕಾದೀತು ಎಂದು ಲೆಕ್ಕ ಹಾಕಿ, ಅವನಿನ್ನೂ ಉಸಿರಾಡುತ್ತಿದ್ದಾನೆ ಎಂದು ತಿಳಿಸುವ ಒಂದು ಚಿತ್ರಚೌಕವನ್ನು ಕೊನೆಯಲ್ಲಿ ಸೇರಿಸಿದವನೂ ಎಲ್ಸ್‌ವರ್ತನೇ. ಅಂದರೆ ಈ ವ್ರತದ ಬೇರಿನಲ್ಲಿ ಕರುಣೆಯಷ್ಟೇ ವ್ಯಾಪಾರವೂ ಇತ್ತು. ಸತ್ತ ಖಳ ಮುಂದಿನ ಸಂಚಿಕೆ ಮಾರಿಕೊಡುವುದಿಲ್ಲ. 1954ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯ ಬಿಸಿ ತಟ್ಟಿ ಪ್ರಕಾಶಕರು ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ಮಾಡಿಕೊಂಡರು. ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆಯಾಗಬೇಕು ಎಂದಿತು ಅದು. ಶಿಕ್ಷೆಯಾಗಲೇಬೇಕು, ಆದರೆ ನಾಯಕನ ಕೈಯಿಂದ ಸಾವಾಗಕೂಡದು. ಕಥೆಗಾರ ಏನು ಮಾಡಬೇಕು?

ಉತ್ತರ 1973ರಲ್ಲಿ ಸ್ಪೈಡರ್‌ಮ್ಯಾನ್ ಕಥೆಯಲ್ಲಿ ಸಿಕ್ಕಿತು. ತನ್ನ ಪ್ರೇಯಸಿಯ ಸಾವಿಗೆ ಕಾರಣನಾದ ಗ್ರೀನ್ ಗಾಬ್ಲಿನ್‌ನನ್ನು ನಾಯಕ ಹೊಡೆದು ಹೊಡೆದು, ಕೊಲ್ಲುವ ಹಂತಕ್ಕೆ ಬಂದು, ತಾನೇ ಕೈ ತಡೆಯುತ್ತಾನೆ. ಆಗ ಗಾಬ್ಲಿನ್ ತನ್ನ ಹಾರುಯಂತ್ರವನ್ನು ಹಿಂದಿನಿಂದ ನುಗ್ಗಿಸುತ್ತಾನೆ. ಸ್ಪೈಡರ್‌ಮ್ಯಾನ್ ಬಗ್ಗುತ್ತಾನೆ. ಯಂತ್ರ ಯಜಮಾನನ ಎದೆಗೇ ನಾಟುತ್ತದೆ. 2002ರ ಸಿನಿಮಾದಲ್ಲೂ ಅವನ ಸಾವು ಹೀಗೆಯೇ. ನಾಯಕ ಮಾಡಿದ್ದು ಬಗ್ಗಿದ್ದು ಮಾತ್ರ, ಅದನ್ನು ತಪ್ಪೆನ್ನುವವರು ಯಾರೂ ಇಲ್ಲ. ಹೊಸ ಉಪಾಯ ಎಂದು ಅಮೆರಿಕದವರಿಗೆ ಅನ್ನಿಸಿರಬಹುದು. ಮೋಹಿನಿಯ ಕುಣಿತ ಅನುಕರಿಸಿ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟ ಭಸ್ಮಾಸುರನ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸತೇನಿಲ್ಲ.

ಓದುಗರ ಕೈಯೂ ಶುದ್ಧವಲ್ಲ. 1988ರಲ್ಲಿ ಜೋಕರ್‌ನ ಬಾಂಬಿಗೆ ಸಿಕ್ಕ, ಬ್ಯಾಟ್‌ಮನ್‌ನ ಕಿರಿಯ ಸಹಚರ ಎರಡನೆಯ ರಾಬಿನ್ ಬದುಕಬೇಕೋ ಸಾಯಬೇಕೋ ಎಂದು ಪ್ರಕಾಶಕರು ಫೋನ್ ಮತ ಕೇಳಿದರು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಜೋಕರ್‌ನನ್ನು ಪ್ರತಿ ಸಲ ಬದುಕಿಸಿದ್ದರ ಬೆಲೆ ಇದು ಎಂದು ವಾದಿಸುವವರು ಇಂದಿಗೂ ಇದ್ದಾರೆ.

ನಮ್ಮ ಸೀಮೆಯ ಕಡೆಗೆ ಬರೋಣ. ಗದಗಿನ ವೀರನಾರಾಯಣ ಗುಡಿಯ ಕಂಬವೊಂದನ್ನು ಕುಮಾರವ್ಯಾಸನ ಕಂಬ ಎಂದು ತೋರಿಸುತ್ತಾರೆ. ಮಿಂದುಬಂದು, ಉಟ್ಟ ಒದ್ದೆಬಟ್ಟೆ ಆರುವವರೆಗೆ ಅಲ್ಲಿ ಕುಳಿತು ಅವನು ಭಾರತ ಬರೆಯುತ್ತಿದ್ದನೆಂಬ ಪ್ರತೀತಿಯಿದೆ. ಆ ಭಾರತ ಮುಗಿಯುವುದು ಗದಾಪರ್ವದಲ್ಲಿ. ಭೀಮ ಕೌರವನ ತೊಡೆ ಮುರಿಯುತ್ತಾನೆ. ಸೊಂಟದ ಕೆಳಗೆ ಹೊಡೆದನೆಂದು ಬಲರಾಮ ಕೆರಳುತ್ತಾನೆ. ಆ ಪೆಟ್ಟಿನ ನ್ಯಾಯಾನ್ಯಾಯವನ್ನು ಕುರಿತು ಶತಮಾನಗಳಿಂದ ಚರ್ಚೆ ನಡೆದಿದೆ. ನನಗೆ ಮುಖ್ಯವಾಗಿ ಕಾಣುವುದು ಅದರ ನಂತರದ ಗಳಿಗೆ. ಪಾಂಡವರು ಅವನನ್ನು ಕೊಲ್ಲುವುದಿಲ್ಲ, ಎತ್ತುವುದಿಲ್ಲ, ಕಾವಲೂ ಇಡುವುದಿಲ್ಲ. ಸಾಯಲಿ ಎಂದು ಬಿಟ್ಟು ನಡೆಯುತ್ತಾರೆ. ಅರೆಜೀವವಾಗಿ ಬಿದ್ದ ಕೌರವನನ್ನು ಹುಡುಕಿಕೊಂಡು ಅಶ್ವತ್ಥಾಮ ಬರುತ್ತಾನೆ, ಸೇನಾಪತಿಯ ಪಟ್ಟ ಪಡೆಯುತ್ತಾನೆ, ಅದೇ ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಿ ದ್ರೌಪದಿಯ ಮಕ್ಕಳನ್ನು ನಿದ್ದೆಯಲ್ಲೇ ಕತ್ತರಿಸುತ್ತಾನೆ. ಸಾಯಲು ಬಿಡುವುದು ಅಷ್ಟು ಸುಲಭಕ್ಕೆ ಮುಗಿಯುವ ಕೆಲಸವಲ್ಲ ಎಂದು ಈ ಭಾಗದ ದೊಡ್ಡಾಟ ನೋಡಿದ ಯಾವ ಅಜ್ಜನಿಗೂ ಗೊತ್ತು. ಭುಜಕೀರ್ತಿ, ಕಿರೀಟ ತೊಟ್ಟ ಕೌರವ ಅಟ್ಟದ ಹಲಗೆ ಅದುರುವಂತೆ ಕುಣಿದು ಬಿದ್ದ ಮೇಲೂ ಆಟ ಮುಗಿದಿರುವುದಿಲ್ಲ.

ಗದಗಿನಿಂದ ಸುಮಾರು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯವಿದೆ. ಈ ಪ್ರಶ್ನೆಯನ್ನು ಎಲ್ಲರಿಗಿಂತ ನಿಷ್ಠುರವಾಗಿ ಕೇಳಿದವರು ಆ ಪರಂಪರೆಯ ಕವಿಗಳೆಂದು ನನ್ನ ಅಭಿಪ್ರಾಯ. ಜೈನ ರಾಮಾಯಣದಲ್ಲಿ, ಕನ್ನಡದಲ್ಲಾದರೆ ನಾಗಚಂದ್ರನ ಕಾವ್ಯದಲ್ಲಿ, ರಾವಣನನ್ನು ರಾಮ ಕೊಲ್ಲುವುದಿಲ್ಲ. ಕೊಲ್ಲುವವನು ಲಕ್ಷ್ಮಣ. ಅದೂ ಹೇಗೆ? ರಾವಣ ಬೀಸಿದ ಚಕ್ರ ಲಕ್ಷ್ಮಣನಿಗೆ ಪ್ರದಕ್ಷಿಣೆ ಬಂದು ಅವನ ಕೈಸೇರುತ್ತದೆ. ಅದರಿಂದಲೇ ರಾವಣ ಸಾಯುತ್ತಾನೆ. ಗಾಬ್ಲಿನ್‌ನ ಯಂತ್ರದ ಹಾಗೆಯೇ ಇದೂ ಖಳನದೇ ಆಯುಧ. ಆದರೆ ಜೈನ ಕವಿ ಇಲ್ಲಿ ರಿಯಾಯಿತಿ ಕೊಡುವುದಿಲ್ಲ. ಆಯುಧ ಯಾರದಾದರೇನು, ಕೊಂದ ಲಕ್ಷ್ಮಣ ನರಕಕ್ಕೆ ಹೋಗುತ್ತಾನೆ. ರಾಮ ದೀಕ್ಷೆ ಪಡೆದು ಮೋಕ್ಷ ಸೇರುತ್ತಾನೆ. ತಮ್ಮ ಕೊಂದದ್ದರಿಂದ ಅಣ್ಣನ ಕೈ ಶುದ್ಧವಾಗಿ ಉಳಿಯಿತಲ್ಲ ಎಂಬ ತಕರಾರು ಓದುಗನಿಗೆ ಹುಟ್ಟದೆ ಇರದು. ನನಗಂತೂ ಹುಟ್ಟಿದೆ.

ಪುರಾಣ ಬಿಟ್ಟು ಕಾನೂನು ಕೇಳೋಣ. ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ, ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯವಿದೆ. ವಾದಿಸುವವರಿಗೆ ಇಲ್ಲಿ ಬರವಿಲ್ಲ. ಉಣಕಲ್ ಕೆರೆಯಲ್ಲಿ ಅಪರಿಚಿತನೊಬ್ಬ ಮುಳುಗುತ್ತಿರುವಾಗ ದಂಡೆಯಲ್ಲಿ ನಿಂತು ನೋಡಿದವನನ್ನು ಊರು ಉಗಿಯಬಹುದು, ಕೊಲೆಯ ಮೊಕದ್ದಮೆ ಮಾತ್ರ ನಿಲ್ಲುವುದಿಲ್ಲ. 1837ರಲ್ಲಿ ದಂಡಸಂಹಿತೆಯ ಕರಡು ಬರೆದ ಮೆಕಾಲೆಗೆ ಈ ಗೊಂದಲ ಚೆನ್ನಾಗಿ ತಿಳಿದಿತ್ತು. ಕಾಲಬುಡದಲ್ಲಿ ಹಸಿದು ಸಾಯುವವನಿಗೆ ಅನ್ನ ಕೊಡದ ಸಿರಿವಂತ ಕೆಟ್ಟವನೇ, ಆದರೆ ಅವನನ್ನು ಶಿಕ್ಷಿಸಹೊರಟರೆ ಗೆರೆ ಎಲ್ಲಿ ಎಳೆಯುವುದು ಎಂದು ಅವನು ಕೇಳಿದ. ಕಲ್ಕತ್ತೆಯ ವೈದ್ಯ ಶಸ್ತ್ರಚಿಕಿತ್ಸೆಗೆಂದು ಮೀರತ್‌ವರೆಗೆ ಹೋಗಲಿಲ್ಲವೆಂದರೆ ಅವನು ಕೊಲೆಗಾರನೇ? 1860ರ ಸಂಹಿತೆ ಗೆರೆಯೆಳೆದದ್ದು ಕರ್ತವ್ಯದ ಮೇಲೆ: ಮಾಡಲೇಬೇಕಾದದ್ದನ್ನು ಮಾಡದಿರುವುದೂ ಕೃತ್ಯವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಕೈದಿಗೆ ಊಟ ಕೊಡದೆ ಕೊಂದ ಜೈಲರ್, ನಾನು ಅವನನ್ನು ಮುಟ್ಟಲೇ ಇಲ್ಲ ಎಂದು ಪಾರಾಗುವಂತಿಲ್ಲ.

ತತ್ತ್ವಜ್ಞಾನಿ ಜೇಮ್ಸ್ ರೇಚಲ್ಸ್ 1975ರಲ್ಲಿ ಇನ್ನೂ ಮುಂದೆ ಹೋದ. ಆಸ್ತಿಯಾಸೆಗೆ ಒಬ್ಬ ಆರು ವರ್ಷದ ದಾಯಾದಿ ಹುಡುಗನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಇನ್ನೊಬ್ಬ ಅದೇ ಉದ್ದೇಶದಿಂದ ಒಳಗೆ ಹೋದಾಗ ಹುಡುಗ ತಾನೇ ಜಾರಿ, ತಲೆಗೆ ಪೆಟ್ಟಾಗಿ ನೀರಿಗೆ ಬೀಳುತ್ತಾನೆ. ಇವನು ನೋಡುತ್ತ ನಿಲ್ಲುತ್ತಾನೆ. ಇಬ್ಬರಲ್ಲಿ ಯಾರು ಮೇಲು? ಯಾರೂ ಅಲ್ಲ ಎಂದ ರೇಚಲ್ಸ್.

ನಮ್ಮ ರೈಲಿಗೆ ಹೊಂದುವ ಪ್ರಕರಣ ಇಂಗ್ಲೆಂಡಿನದು. 1980ರ ದಶಕದ ಆರಂಭದಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠದ ಮುಂದೆ ಮಿಲ್ಲರ್ ಎಂಬುವನ ಮೇಲ್ಮನವಿ ಬಂತು. ಸಿಗರೇಟು ಹಿಡಿದೇ ನಿದ್ದೆಹೋದವನು ಎಚ್ಚರವಾದಾಗ ಹಾಸಿಗೆ ಹೊಗೆಯಾಡುತ್ತಿತ್ತು. ಅವನು ಎದ್ದು ಪಕ್ಕದ ಕೋಣೆಗೆ ಹೋಗಿ ಮಲಗಿದ. ಮನೆ ಹೊತ್ತಿತು. ಅಪಾಯವನ್ನು ತಂದಿಟ್ಟವನೇ ಅದನ್ನು ತಡೆಯಲು ಯತ್ನಿಸಬೇಕು ಎಂದು ನ್ಯಾಯಾಧೀಶರು ಶಿಕ್ಷೆ ಎತ್ತಿಹಿಡಿದರು.

ಈಗ ರೈಲನ್ನು ನೋಡಿ. ಹಳಿಯನ್ನು ಕಡಿದದ್ದು ಪೊಲೀಸ್ ಅಧಿಕಾರಿ ಗಾರ್ಡನ್, ಬ್ಯಾಟ್‌ಮನ್ ಒಪ್ಪಿಸಿದ ಕೆಲಸದಂತೆ, ಬ್ಯಾಟ್‌ಮನ್ ಕೊಟ್ಟ ವಾಹನದಿಂದ. ಊರಿಗೇ ವಿಷವುಣಿಸಲು ಹೊರಟ ರೈಲನ್ನು ನಿಲ್ಲಿಸಲೇಬೇಕಿತ್ತು, ಅದರಲ್ಲಿ ತಪ್ಪು ಹುಡುಕಲಾಗದು. ನಿಯಂತ್ರಣದ ಯಂತ್ರ ಕೆಡಿಸಿದವನು ಖಳನೇ ಎಂಬುದೂ ನಿಜ. ಆದರೆ ಆ ಕಮರಿ ನಾಯಕನ ಯೋಜನೆಯ ಫಲ. ದಂಡೆಯಲ್ಲಿ ನಿಂತ ದಾರಿಹೋಕನ ಸವಲತ್ತು ಅವನಿಗೆ ಸಲ್ಲುವುದಿಲ್ಲ. ಇದೇ ಚಿತ್ರದ ಮೊದಲ ಭಾಗದಲ್ಲಿ ಹಿಮದ ಪ್ರಪಾತದಂಚಿನಿಂದ ಇದೇ ಮನುಷ್ಯನನ್ನು ಅವನು ಎಳೆದು ಬದುಕಿಸಿದ್ದ. ಆಗ ಎತ್ತಲು ಸಾಧ್ಯವಾದದ್ದು ಈಗ ಆಗಲಿಲ್ಲವೇಕೆ ಎಂದು ಯಾವ ಸರಕಾರಿ ವಕೀಲನೂ ಕೇಳಿಯಾನು. ಅದು ಕೊಲೆಯೇ ಆಗಿದ್ದರೆ ನಗರವನ್ನು ಕಾಯಲು ಕೊಂದೆ ಎಂದು ನೇರವಾಗಿ ಹೇಳಿಬಿಡಬಹುದಿತ್ತು, ಬಹುಶಃ ನಾವು ಒಪ್ಪಿಯೂ ಬಿಡುತ್ತಿದ್ದೆವು.

2008ರ ಮುಂದಿನ ಚಿತ್ರದಲ್ಲಿ ಕಟ್ಟಡದ ಮೇಲಿಂದ ಬೀಳುತ್ತಿದ್ದ ಜೋಕರ್‌ನನ್ನು ಅದೇ ಬ್ಯಾಟ್‌ಮನ್ ಹಗ್ಗ ಹಾರಿಸಿ ಹಿಡಿದು ತಲೆಕೆಳಗಾಗಿ ನೇತುಹಾಕುತ್ತಾನೆ. ನಿರ್ದೇಶಕರು ತಮ್ಮ ಹಿಂದಿನ ದೃಶ್ಯಕ್ಕೇ ಉತ್ತರ ಕೊಟ್ಟರೋ, ಕಥೆಗೆ ಅಷ್ಟೇ ಬೇಕಿತ್ತೋ ಎಂಬುದರ ಮೇಲೆ ಗಿರ್ಮಿಟ್ ಅಂಗಡಿಯ ಪಂಗಡಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ.